ಹಳೆ ದೋಣಿ ಮತ್ತೆ ನೀರಿಗೆ

(ಮಹಿಳಾ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನಾವು ಅಘನಾಶಿನಿ ಹೊಳೆ ದಡದವರು. ಕುಮಟಾ ತಾಲೂಕಿನವರು. ನಮ್ಮ ಸಂಘದಲ್ಲಿ 12 ಜನ ಹೆಂಗಸರು ಇದ್ದೇವೆ. ನಾವೆಲ್ಲ ಸೇರಿ ಒಂದು ಹಳೆ ಮೋಟಾರು ದೋಣಿ ಕೊಂಡೆವು. ರಿಪೇರಿ ಮಾಡಿದೆವು. ಮತ್ತೆ ನೀರಿಗೆ ಇಳಿಸಿದೆವು. ಅದು ಹೇಗೆ ಅಂತ ಹೇಳಿ ಎಂದು ನೀವು ಕರೆಸಿದ್ದೀರಿ. ನಮಗೆ ಭಾಷಣ ಮಾಡಿ ರೂಢಿ ಇಲ್ಲ. ಮಾಡಿದ ಕೆಲಸ ಹೇಳ್ತೇವೆ. ಕೇಳಿ.

ದೋಣಿ ಯಾಕೆ ಬೇಕಾಯ್ತು?

ಅಘನಾಶಿನಿ ಹುಟ್ಟುವುದು ಶಿರಸಿ ಕಡೆ. ಘಟ್ಟ ಇಳಿದು ಬಂದು ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಹೊಳೆ ನೀರು, ಕಡಲ ನೀರು ಕೂಡುವ ಈ ಜಾಗಕ್ಕೆ ಅಳಿವೆ ಅಂತ ಹೆಸರು. ಇದು ದೊಡ್ಡ ಅಳಿವೆ. 2024ರಲ್ಲಿ ಇದಕ್ಕೆ ರಾಮ್ಸಾರ್ ತಾಣ ಎಂಬ ಮನ್ನಣೆ ಸಿಕ್ಕಿತು. ಲೋಕದ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ ನಮ್ಮ ಅಳಿವೆಯೂ ಸೇರಿತು.

ಆದರೆ ನಮಗೆ ಅಳಿವೆ ಅಂದ್ರೆ ಮೊದಲು ಅನ್ನ. ಇಳಿತ ಬಂದಾಗ ನೀರಿನ ನಡುವೆ ಮರಳು ದಿಬ್ಬ ಏಳುತ್ತದೆ. ಅಲ್ಲಿ ಬಳಚು ಸಿಗುತ್ತದೆ. ಬಳಚು ಅಂದ್ರೆ ಚಿಪ್ಪಿನ ಮೀನು. ಬಗ್ಗಿ ಮರಳು ಕೆದಕಿ ಬಳಚು ತೆಗೆಯುವುದು ನಮ್ಮ ಕೆಲಸ. ನಮ್ಮ ಅಮ್ಮ, ಅಜ್ಜಿ ಕೂಡ ಇದೇ ಕೆಲಸ ಮಾಡಿದವರು.

ದಿಬ್ಬಕ್ಕೆ ಹೋಗಲು ದೋಣಿ ಬೇಕು. ನಮ್ಮ ಹತ್ತಿರ ದೋಣಿ ಇರಲಿಲ್ಲ. ಬೇರೆಯವರ ದೋಣಿಯಲ್ಲಿ ಹೋಗುತ್ತಿದ್ದೆವು. ಅವರು ಕರೆದಾಗ ಹೋಗಬೇಕು. ಅವರು ಬಂದಾಗ ಬರಬೇಕು. ತೆಗೆದ ಬಳಚಿನಲ್ಲಿ ಅವರಿಗೂ ಒಂದು ಪಾಲು.

ಪಾಲು ಕೊಟ್ಟದ್ದಕ್ಕೆ ನಮಗೆ ಬೇಜಾರಿಲ್ಲ. ಭಯ ಇದ್ದದ್ದು ನೀರಿನದು. ಭರತ ಸುಮಾರು ಆರು ಗಂಟೆ ಏರುತ್ತದೆ. ಇಳಿತ ಸುಮಾರು ಆರು ಗಂಟೆ. ನೀರು ಯಾರಿಗೂ ಕಾಯುವುದಿಲ್ಲ. ಒಂದು ದಿನ ದೋಣಿಯವರು ಬರುವುದು ತಡವಾಯಿತು. ದಿಬ್ಬದ ಮೇಲೆ ನೀರು ಏರಿತು. ಮೊಣಕಾಲು ಮುಟ್ಟಿತು. ಸೊಂಟ ಮುಟ್ಟಿತು. ಬುಟ್ಟಿ ತಲೆ ಮೇಲೆ ಹೊತ್ತು, ಒಬ್ಬರ ಕೈ ಒಬ್ಬರು ಹಿಡಿದು ನಿಂತೆವು. ದೋಣಿ ಬಂತು. ಎಲ್ಲರೂ ಉಳಿದೆವು. ಅದೇ ವಾರ ಸಂಘದ ಸಭೆಯಲ್ಲಿ ತೀರ್ಮಾನ ಮಾಡಿದೆವು: ನಮ್ಮದೇ ದೋಣಿ ಬೇಕು.

ಕೊಳ್ಳುವ ಮೊದಲು ಏನು ನೋಡಿದೆವು?

ಹೊಸ ದೋಣಿ, ಹೊಸ ಇಂಜಿನ್ ನಮ್ಮ ಕೈಗೆ ಎಟುಕುವಂತೆ ಇರಲಿಲ್ಲ. ದಡದಲ್ಲಿ ಒಂದು ಹಳೆ ಫೈಬರ್ ದೋಣಿ ಕವುಚಿ ಬಿದ್ದಿತ್ತು. ಅದರ ಇಂಜಿನ್ ಒಂದು ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿತ್ತು. "ಅದು ಗುಜರಿ ಮಾರಾಯ್ತಿ, ಅದನ್ನು ತಕೊಂಡು ಏನು ಮಾಡ್ತೀರಿ?" ಅಂದರು ಊರವರು.

ಗುಜರಿ ಹೌದೋ ಅಲ್ಲವೋ ನೋಡಬೇಕಲ್ಲ? ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬಡಿದು ನೋಡುತ್ತೇವೆ. ದೋಣಿಯನ್ನೂ ಹಾಗೇ ನೋಡಬೇಕು. ಸುತ್ತಿಗೆಯ ಹಿಡಿಯಿಂದ ಮೈಯೆಲ್ಲ ಬಡಿದೆವು. ಗಟ್ಟಿ ಇದ್ದಲ್ಲಿ "ಟಣ್" ಅನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ "ಬದ್" ಅನ್ನುತ್ತದೆ. ಬದ್ ಅಂದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಮೂರು ಕಡೆ ಗುರುತು ಬಿತ್ತು. ಉಳಿದ ಮೈ ಗಟ್ಟಿ ಇತ್ತು.

ಹಿಂದಿನ ಹಲಗೆ ನೋಡಿದೆವು. ಇಂಜಿನ್ ತೂಗುವುದು ಆ ಹಲಗೆಗೆ. ಹೊರಗಿನಿಂದ ಅದು ಫೈಬರ್. ಒಳಗೆ ಮರದ ಪ್ಲೈ. ಹಳೆ ಬೋಲ್ಟಿನ ತೂತಿನಿಂದ ನೀರು ಹೋಗಿ ಪ್ಲೈ ಕೊಳೆತಿತ್ತು. ಈ ಹಲಗೆ ಕೊಳೆತರೆ ಇಂಜಿನ್ ಓಡುವಾಗಲೇ ಕಿತ್ತು ಹೊಳೆಗೆ ಬೀಳಬಹುದು. ಹಾಗಾಗಿ ಹಲಗೆ ಪೂರ್ತಿ ಬದಲಿಸುವ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿದೆವು.

ಇಂಜಿನ್ನಿನ ಹಗ್ಗ ಎಳೆದು ನೋಡಿದೆವು. ಎಳೆಯುವಾಗ ಕೈಗೆ ಬಿಗಿ ತಾಗಬೇಕು. ಬಿಗಿ ಇದ್ದರೆ ಒಳಗೆ ಜೀವ ಇದೆ ಅಂತ ಅರ್ಥ. ಸಡಿಲವಾಗಿ ತಿರುಗಿದರೆ ಇಂಜಿನ್ ಸವೆದಿದೆ. ತಿರುಗದೇ ಇದ್ದರೆ ಒಳಗೆ ಕಚ್ಚಿಕೊಂಡಿದೆ. ನಮ್ಮ ಇಂಜಿನಿಗೆ ಬಿಗಿ ಇತ್ತು.

ಕೊನೆಗೆ ಕಾಗದ ಪತ್ರ. ದೋಣಿಯ ನೋಂದಣಿ ಯಾರ ಹೆಸರಲ್ಲಿದೆ? ದೋಣಿ ಮೇಲಿನ ನಂಬರು, ಪತ್ರದ ನಂಬರು ಒಂದೇ ಹೌದೋ? ಇಂಜಿನ್ ನಂಬರು ಸರಿ ಇದೆಯೋ? ಒಂದೊಂದೇ ಅಂಕಿ ಬೆರಳಿಟ್ಟು ಓದಿದೆವು. ಆಮೇಲೇ ಹಣ ಕೊಟ್ಟೆವು. ಪತ್ರ ಸಂಘದ ಹೆಸರಿಗೆ ಮಾಡಿಸಿಕೊಂಡೆವು.

ಒಂದು ಮಾತು ನೆನಪಿಡಿ. ಎಲ್ಲ ಹಳೆ ದೋಣಿಯೂ ರಿಪೇರಿಗೆ ಯೋಗ್ಯ ಅಲ್ಲ. ಮೈಯೆಲ್ಲ ಬದ್ ಬದ್ ಅಂದರೆ ಬಿಟ್ಟು ಬನ್ನಿ.

ತೊಳೆಯುವುದು, ಒಣಗಿಸುವುದು

ದೋಣಿಯ ಅಡಿಗೆ ಕಲ್ಲಿನಂಥ ಚಿಪ್ಪುಗಳು ಅಂಟಿದ್ದವು. ಅವನ್ನು ಕೆರೆದು ತೆಗೆದೆವು. ಇಡೀ ದೋಣಿಯನ್ನು ಸಿಹಿ ನೀರಿನಲ್ಲಿ ತೊಳೆದೆವು. ಉಪ್ಪು ಉಳಿದರೆ ತೇವ ಉಳಿಯುತ್ತದೆ. ತೇವ ಇದ್ದರೆ ಫೈಬರ್ ಅಂಟುವುದಿಲ್ಲ. ಅದಕ್ಕೇ ಈ ಕೆಲಸ ಬೇಸಿಗೆಯಲ್ಲಿ ಮಾಡಬೇಕು. ಮಳೆಗಾಲದಲ್ಲಿ ಬೇಡ. ದೋಣಿ ಹಲವು ದಿನ ಬಿಸಿಲು ಗಾಳಿಗೆ ಒಣಗಿತು. ಹಪ್ಪಳ ಒಣಗಿಸಿದ ಹಾಗೆ ಕಾದೆವು.

ಆಮೇಲೆ ಗುರುತು ಹಾಕಿದ ಜಾಗ ಕತ್ತರಿಸಿ ತೆಗೆದದ್ದು ಫೈಬರ್ ಕೆಲಸದವರು. ತೂತಿನ ಸುತ್ತ ಅಂಚನ್ನು ಓರೆಯಾಗಿ ಉಜ್ಜಬೇಕು. ಆಗ ಹೊಸ ಪದರ ಹಳೆ ಪದರಕ್ಕೆ ಅಗಲವಾಗಿ ಹಿಡಿಯುತ್ತದೆ. ಈ ಉಜ್ಜುವ ಕೆಲಸಕ್ಕೆ ನಾವೂ ಕೈ ಹಾಕಿದೆವು. ಫೈಬರ್ ಧೂಳು ಅಂದ್ರೆ ಗಾಜಿನ ಧೂಳು. ಮೈಗೆ ತಾಗಿದರೆ ತುರಿಕೆ. ಉಸಿರಲ್ಲಿ ಹೋದರೆ ಕೆಡುಕು. ತುಂಬು ತೋಳಿನ ಅಂಗಿ ಹಾಕಿದೆವು. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ಕೈಚೀಲ ಹಾಕಿದೆವು. ಮಕ್ಕಳನ್ನು ಹತ್ತಿರ ಬಿಡಲಿಲ್ಲ.

ಮೂರು ಡಬ್ಬಿಯ ಮಾತು

ಈಗ ಹೇಳುವುದನ್ನು ಸರಿಯಾಗಿ ಕೇಳಿ. ಇದು ಜೀವದ ಮಾತು.

ಫೈಬರ್ ಕೆಲಸಕ್ಕೆ ಮೂರು ಡಬ್ಬಿ ಬರುತ್ತವೆ. ಒಂದು ರೆಸಿನ್. ಅದು ಜೇನಿನಂತೆ ದಪ್ಪ. ಎರಡನೆಯದು ಆಕ್ಸಿಲರೇಟರ್. ಅದು ನೇರಳೆ ಬಣ್ಣ. ಮೂರನೆಯದು ಹಾರ್ಡನರ್. ಅದು ನೀರಿನಂತೆ ತಿಳಿ. ಬಣ್ಣ ಇಲ್ಲ.

ಮೊದಲು ರೆಸಿನ್ನಿಗೆ ಆಕ್ಸಿಲರೇಟರ್ ಹಾಕಬೇಕು. ಚೆನ್ನಾಗಿ ಕಲಸಬೇಕು. ಆಮೇಲೆ ಹಾರ್ಡನರ್ ಹಾಕಬೇಕು. ಆಕ್ಸಿಲರೇಟರ್, ಹಾರ್ಡನರ್ ಇವೆರಡನ್ನು ಯಾವತ್ತೂ ನೇರವಾಗಿ ಕೂಡಿಸಬಾರದು. ಕೂಡಿಸಿದರೆ ಬೆಂಕಿ ಹತ್ತುತ್ತದೆ. ಸಿಡಿಯಲೂಬಹುದು. ಒಂದೇ ಚಮಚ ಎರಡಕ್ಕೂ ಬಳಸಬಾರದು. ಎರಡನ್ನೂ ಅಕ್ಕಪಕ್ಕ ಇಡಬಾರದು. ಕೆಲವು ರೆಸಿನ್ನಿಗೆ ಆಕ್ಸಿಲರೇಟರ್ ಮೊದಲೇ ಸೇರಿರುತ್ತದೆ. ಅದನ್ನು ಅಂಗಡಿಯಲ್ಲೇ ಕೇಳಿಕೊಳ್ಳಿ.

ಹಾರ್ಡನರ್ ನೋಡಲು ನೀರಿನ ಹಾಗೇ ಇದೆ ಅಂದೆವಲ್ಲ? ಅದನ್ನು ನೀರಿನ ಬಾಟಲಿಗೆ ಹಾಕಿ ಇಡುವವರು ಇದ್ದಾರೆ. ಬಾಯಾರಿದವರು ಕುಡಿದರೆ ಗತಿ ಏನು? ಕಣ್ಣಿಗೆ ಒಂದು ಹನಿ ಸಿಡಿದರೂ ದೃಷ್ಟಿ ಹೋಗಬಹುದು. ಸಿಡಿದರೆ ಆ ಕ್ಷಣವೇ ನೀರು ಹೊಯ್ದು ತೊಳೆಯಬೇಕು. ಕಾಲು ಗಂಟೆ ತೊಳೆಯುತ್ತಲೇ ಇರಬೇಕು. ಆಮೇಲೆ ಆಸ್ಪತ್ರೆಗೆ ಓಡಬೇಕು.

ನಮ್ಮ ಕೆಲಸದ ಜಾಗದಲ್ಲಿ ಮೂರು ಡಬ್ಬಿಗೂ ಕನ್ನಡದಲ್ಲಿ ದೊಡ್ಡದಾಗಿ ಚೀಟಿ ಬರೆದು ಅಂಟಿಸಿದೆವು. 1, 2, 3 ಅಂತ ಅಂಕಿ ಹಾಕಿದೆವು. ಹಾರ್ಡನರ್ ಮೇಲೆ "ವಿಷ" ಅಂತ ಕೆಂಪಿನಲ್ಲಿ ಬರೆದೆವು. ಆ ಚೀಟಿ ಬರೆದವರು ನಮ್ಮಲ್ಲಿ ಆ ವರ್ಷವೇ ಅಕ್ಷರ ಕಲಿತವರು. ಬೀಡಿ, ಒಲೆ, ಬೆಂಕಿ ಯಾವುದೂ ಹತ್ತಿರ ಇರಲಿಲ್ಲ. ರೆಸಿನ್ನಿನ ಹೊಗೆಗೂ ಬೆಂಕಿ ಹತ್ತುತ್ತದೆ. ಅದಕ್ಕೇ ಬಯಲಿನಲ್ಲೇ ಕೆಲಸ.

ಅಳತೆ ಹೀಗೆ: 1 ಕಿಲೋ ರೆಸಿನ್ನಿಗೆ ಹಾರ್ಡನರ್ 10ರಿಂದ 20 ಗ್ರಾಂ. ಬಿಸಿಲು ಜಾಸ್ತಿ ಇದ್ದರೆ ಕಡಿಮೆ ಸಾಕು. ಕಲಸಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಗಟ್ಟಿಯಾಗುತ್ತದೆ. ಬೇಕಾದಷ್ಟೇ ಕಲಸಬೇಕು. ನಾರಿನ ಮ್ಯಾಟ್ ಇಟ್ಟು, ರೆಸಿನ್ ಬಳಿದು, ಗಾಳಿ ಗುಳ್ಳೆ ಉಳಿಯದಂತೆ ಒತ್ತಬೇಕು. ಒಂದರ ಮೇಲೆ ಒಂದು ಪದರ. ಹಿಂದಿನ ಹಲಗೆಗೆ ಹೊಸ ಮೆರೈನ್ ಪ್ಲೈ ಹಾಕಿ, ಸುತ್ತ ಫೈಬರ್ ಮುಚ್ಚಿ, ಬೋಲ್ಟಿನ ತೂತಿಗೂ ರೆಸಿನ್ ಬಳಿದರು. ಈಗ ನೀರು ಒಳಗೆ ಹೋಗಲು ದಾರಿ ಇಲ್ಲ.

ಇಂಜಿನ್ನಿಗೆ ಜೀವ ಬಂತು

ಇಂಜಿನ್ ಕೆಲಸಕ್ಕೆ ಮೆಕ್ಯಾನಿಕ್ ಬಂದರು. ನಾವು ಸುತ್ತ ಕೂತು ನೋಡಿದೆವು. ಒಂದೊಂದನ್ನೂ "ಇದು ಯಾಕೆ?" ಅಂತ ಕೇಳಿದೆವು.

ಹಳೆ ಪೆಟ್ರೋಲ್ ಚೆಲ್ಲಿಸದೆ ಡಬ್ಬಿಗೆ ತೆಗೆದರು. ಅದು ಅಂಟಾಗಿತ್ತು. ಕಾರ್ಬುರೇಟರ್ ಬಿಚ್ಚಿ ತೊಳೆದರು. ಹೊಸ ಪ್ಲಗ್ ಹಾಕಿದರು. ಬಿರುಕು ಬಿಟ್ಟ ಪೆಟ್ರೋಲ್ ಪೈಪ್ ಬದಲಿಸಿದರು.

ಕೆಳಗಿನ ಗೇರ್ ಎಣ್ಣೆ ಬಿಟ್ಟು ನೋಡಿದರು. ಅದು ಹಾಲು ಹಾಕಿದ ಚಾ ಬಣ್ಣಕ್ಕೆ ತಿರುಗಿತ್ತು. ಎಣ್ಣೆ ಬೆಳ್ಳಗಾದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಪಂಖ ಬಿಚ್ಚಿದಾಗ ಕಾರಣ ಸಿಕ್ಕಿತು. ಬಲೆಯ ದಾರ ಅದರ ಹಿಂದೆ ಸುತ್ತಿಕೊಂಡು ಸೀಲನ್ನು ಕತ್ತರಿಸಿತ್ತು. ಹೊಸ ಸೀಲ್ ಹಾಕಿ, ಹೊಸ ಎಣ್ಣೆ ತುಂಬಿಸಿದರು.

ಒಳಗೆ ರಬ್ಬರಿನ ಸಣ್ಣ ಚಕ್ರ ಒಂದಿದೆ. ಇಂಪೆಲ್ಲರ್ ಅನ್ನುತ್ತಾರೆ. ಹೊಳೆ ನೀರನ್ನು ಮೇಲೆತ್ತಿ ಇಂಜಿನ್ ತಂಪು ಮಾಡುವುದು ಅದೇ. ಅದರ ರೆಕ್ಕೆ ಒಣಗಿ ಮುರಿದಿತ್ತು. ಬದಲಿಸಿದರು. ಇಂಜಿನ್ ಓಡುವಾಗ ಪಕ್ಕದ ತೂತಿನಿಂದ ಸಣ್ಣ ಧಾರೆ ನೀರು ಚಿಮ್ಮಬೇಕು. ಧಾರೆ ನಿಂತರೆ ಇಂಜಿನ್ ಕೂಡಲೇ ನಿಲ್ಲಿಸಬೇಕು. ನೀರಿಲ್ಲದೆ ಇಂಜಿನ್ ಓಡಿಸಲೇಬಾರದು. ಅದಕ್ಕೇ ಮೊದಲ ಸಲ ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ, ಅದರಲ್ಲಿ ಇಳಿಸಿ ಓಡಿಸಿದೆವು. ಹತ್ತಾರು ಸಲ ಹಗ್ಗ ಎಳೆದ ಮೇಲೆ ಹೊಗೆ ಬಂತು. ಶಬ್ದ ಬಂತು. ಧಾರೆ ಚಿಮ್ಮಿತು. ನಮಗೆ ಆದ ಸಂತೋಷ ಏನು ಹೇಳೋಣ!

ನಮ್ಮದು ಪೆಟ್ರೋಲಿಗೆ ಎಣ್ಣೆ ಕೂಡಿಸುವ ಇಂಜಿನ್. ಲೆಕ್ಕ 50ಕ್ಕೆ 1. ಅಂದ್ರೆ 1 ಲೀಟರ್ ಪೆಟ್ರೋಲಿಗೆ 20 ಮಿಲಿ ಎಣ್ಣೆ. 5 ಲೀಟರಿಗೆ 100 ಮಿಲಿ. 10 ಲೀಟರಿಗೆ 200 ಮಿಲಿ. ಎಣ್ಣೆ ಕಡಿಮೆಯಾದರೆ ಇಂಜಿನ್ ಕಚ್ಚಿಕೊಳ್ಳುತ್ತದೆ. ಜಾಸ್ತಿಯಾದರೆ ಹೊಗೆ, ಪ್ಲಗ್ಗಿಗೆ ಮಸಿ. ಬೇರೆ ಇಂಜಿನಿಗೆ ಬೇರೆ ಲೆಕ್ಕ ಇರುತ್ತದೆ. ಅದರ ಪುಸ್ತಕ ಓದಿಸಿ ಕೇಳಿ.

ನೀರಿಗೆ ಇಳಿಸಿದ ದಿನ

ಭರತ ಏರುವ ಹೊತ್ತು ನೋಡಿ ದೋಣಿ ಇಳಿಸಿದೆವು. ಯಾಕೆ ಗೊತ್ತೇ? ಭರತದಲ್ಲಿ ಇಂಜಿನ್ ನಿಂತರೆ ನೀರು ನಮ್ಮನ್ನು ಹೊಳೆಯ ಒಳಗೆ ತರುತ್ತದೆ. ಇಳಿತದಲ್ಲಿ ನಿಂತರೆ ಕಡಲಿಗೆ ಒಯ್ಯುತ್ತದೆ. ಮೊದಲ ದಿನ ಮೂರೇ ಜನ ಹತ್ತಿದೆವು. ಮೂವರಿಗೂ ಲೈಫ್ ಜಾಕೆಟ್. ದೋಣಿಯಲ್ಲಿ ಹುಟ್ಟು, ಹಗ್ಗ, ನೀರು ಮೊಗೆಯುವ ಡಬ್ಬಿ. ಅರ್ಧ ಗಂಟೆ ದಡದ ಹತ್ತಿರವೇ ಸುತ್ತಿದೆವು. ಎಲ್ಲೂ ನೀರು ಜಿನುಗಲಿಲ್ಲ.

ಇಂಜಿನ್ ನಿಲ್ಲಿಸುವ ದಾರ ಒಂದಿದೆ. ಓಡಿಸುವವರು ಅದನ್ನು ಕೈಗೆ ಕಟ್ಟಿಕೊಳ್ಳಬೇಕು. ಅವರು ನೀರಿಗೆ ಬಿದ್ದರೆ ದಾರ ಕಿತ್ತು ಇಂಜಿನ್ ನಿಲ್ಲುತ್ತದೆ. ತಿರುಗುವ ಪಂಖ ಯಾರ ಮೈಗೂ ತಾಗುವುದಿಲ್ಲ.

ಈಗ ನಮ್ಮಲ್ಲಿ ನಾಲ್ಕು ಜನ ದೋಣಿ ಓಡಿಸುತ್ತೇವೆ. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಎರಡು ದಿನ ಗೊಂದಲ. ಮೂರನೇ ದಿನ ಕೈಗೆ ಬರುತ್ತದೆ.

ಲೆಕ್ಕ ಮತ್ತು ನೇಮ

ದೋಣಿಗೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ತಾರೀಖು, ಯಾರು ಹೋದರು, ಪೆಟ್ರೋಲ್ ಎಷ್ಟು, ರಿಪೇರಿ ಏನು. ನಾಲ್ಕು ಸಾಲು. ಸರದಿಯ ಮೇಲೆ ಎಲ್ಲರೂ ಬರೆಯಬೇಕು. ದಿನದ ಗಳಿಕೆಯಲ್ಲಿ ಒಂದು ಪಾಲು ದೋಣಿಯ ಹೆಸರಿಗೆ ಬ್ಯಾಂಕಿಗೆ ಹೋಗುತ್ತದೆ. ದೋಣಿಗೂ ನಾಳೆ ಖರ್ಚು ಇದೆಯಲ್ಲ?

ನಮ್ಮ ನೇಮ ಐದು.

ಒಂದು, ದಿಬ್ಬದಲ್ಲಿ ಜನ ಇರುವಷ್ಟು ಹೊತ್ತು ದೋಣಿ ಅಲ್ಲೇ ಇರಬೇಕು.

ಎರಡು, ಬುಟ್ಟಿ ಜಾಸ್ತಿಯಾದರೆ ಎರಡು ಸಲ ಬರೋಣ. ಭಾರ ಹೇರುವುದು ಬೇಡ.

ಮೂರು, ಲೈಫ್ ಜಾಕೆಟ್ ಇಲ್ಲದೆ ಹತ್ತುವುದು ಬೇಡ.

ನಾಲ್ಕು, ಮನೆಗೆ ಬಂದ ಮೇಲೆ ಇಂಜಿನ್ನನ್ನು ಸಿಹಿ ನೀರಿನಲ್ಲಿ ಓಡಿಸಿ ತೊಳೆಯಬೇಕು.

ಐದು, ಗಾಳಿ ಮಳೆಯ ಸೂಚನೆ ಇದ್ದರೆ ಅಂದಿನ ಕೂಲಿ ಬಿಡೋಣ. ಜೀವ ಬಿಡುವುದು ಬೇಡ.

ಅಕ್ಕಂದಿರೇ, ನಿಮ್ಮ ಊರಲ್ಲಿ ಹೊಳೆ ಇಲ್ಲದೇ ಇರಬಹುದು. ಆದರೆ ಮೂಲೆಗೆ ಬಿದ್ದ ಪಂಪ್‌ಸೆಟ್, ಹಿಟ್ಟಿನ ಗಿರಣಿ, ಹೊಲಿಗೆ ಯಂತ್ರ ಇರುತ್ತದೆ. ಅದನ್ನೂ ಬಡಿದು ನೋಡಿ. ಬಿಚ್ಚುವಾಗ ಹತ್ತಿರ ಕೂತು ನೋಡಿ. ಯಾಕೆ ಅಂತ ಕೇಳಿ. ಚೀಟಿ ಓದಿ. ಪತ್ರ ನಿಮ್ಮ ಹೆಸರಿಗೆ ಮಾಡಿಸಿ. ನಮ್ಮ ದೋಣಿ ನೋಡಲು ಒಮ್ಮೆ ಬನ್ನಿ. ಭರತದ ಹೊತ್ತಿಗೆ ಬನ್ನಿ, ಒಂದು ಸುತ್ತು ಕರೆದುಕೊಂಡು ಹೋಗ್ತೇವೆ.

ಓದಿ, ಮಾತಾಡಿ

1. ದೋಣಿಯನ್ನು ಬಡಿದು ನೋಡಿದ್ದು ಯಾಕೆ?

2. ಯಾವ ಎರಡು ಡಬ್ಬಿಗಳನ್ನು ನೇರವಾಗಿ ಕೂಡಿಸಬಾರದು?

3. 8 ಲೀಟರ್ ಪೆಟ್ರೋಲಿಗೆ ಎಷ್ಟು ಮಿಲಿ ಎಣ್ಣೆ ಬೇಕು? ಲೆಕ್ಕ ಮಾಡಿ.

4. ನಿಮ್ಮ ಮನೆಯಲ್ಲಿ ಚೀಟಿ ಇಲ್ಲದ ಬಾಟಲಿ ಇದೆಯೇ? ಇಂದೇ ಚೀಟಿ ಬರೆದು ಅಂಟಿಸಿ.