ಆತಕೂರಿನ ಕಲ್ಲನ್ನು ಓದುವ ಬಗೆ



ರಜೆಗೆ ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಮಾಲ್, ಸಿನಿಮಾ, ರೆಸಾರ್ಟ್ ಅಂತ ಸುತ್ತಿಸುತ್ತೇವೆ. ಮುಂದಿನ ಸಲ ಅರ್ಧ ದಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಕೊಡಿ. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ವೀರಗಲ್ಲು ಓದುವುದು ಕಷ್ಟವಲ್ಲ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಹಸುಗಳಿದ್ದರೆ ಅದು ತುರುಗೋಳಿನ ಜಗಳ. ಬಳೆ ತೊಟ್ಟ ಕೈ ಮಾತ್ರ ಕಂಡರೆ ಮಾಸ್ತಿಕಲ್ಲು.

ಆತಕೂರಿನ ಕಲ್ಲು ಈ ಲೆಕ್ಕಕ್ಕೆ ಸಿಗುವುದಿಲ್ಲ. ಮದ್ದೂರು ತಾಲ್ಲೂಕಿನಿಂದ ಬಂದು ಈ ಸಂಗ್ರಹಾಲಯ ಸೇರಿದ, ಕ್ರಿ.ಶ. 949-50ರ ಕಲ್ಲು ಅದು. ಅದರಲ್ಲಿ ಕಾದಾಡುತ್ತಿರುವುದು ಒಂದು ನಾಯಿ ಮತ್ತು ಒಂದು ಹಂದಿ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ತಕ್ಕೋಲಂನಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದರು. ಬೂತುಗನ ಕಡೆಯ ಮಣಲೇರನ ಶೌರ್ಯ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ನಾಯಿ ಬೇಟೆಯಲ್ಲಿ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವ ಉಂಡರೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು.

ನಮ್ಮವರು ಈ ಶಾಸನದಿಂದ ಎತ್ತಿಕೊಳ್ಳುವುದು ಒಂದೇ ಸಾಲು, ಚೋಳರನ್ನು ಹೊಡೆದದ್ದು. ನನಗೂ ಅದು ಹೆಮ್ಮೆಯೇ. ಆದರೆ ಆ ಸಾಲಿನಲ್ಲೇ ಒಂದು ಪಾಠವಿದೆ. ಬೂತುಗ ರಾಜಾದಿತ್ಯನನ್ನು ಕೊಂದ ರೀತಿ ಹೇಳುವಲ್ಲಿ 'ಬಿಸುಗೆ' ಎಂಬ ಪದ ಬರುತ್ತದೆ. ಬೆಸುಗೆ ಹಾಕುವುದು ನಮಗೆಲ್ಲ ಗೊತ್ತಲ್ಲ, ಕೂಡುವುದು ಎಂಬ ಅರ್ಥ. ಹಾಗಾಗಿ ಶಾಸನತಜ್ಞ ಫ್ಲೀಟ್ ಮೊದಲು ಇದನ್ನು, ಬೂತುಗ ಅಪ್ಪಿಕೊಂಡು ಮೋಸದಿಂದ ಇರಿದ ಎಂದು ಅರ್ಥೈಸಿದರು. ಆದರೆ ಬಿಸುಗೆ ಎಂದರೆ ಆನೆಯ ಮೇಲಿನ ಅಂಬಾರಿ ಕೂಡ. ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಇರಿದ ಎಂಬುದೇ ಸರಿಯೆಂದು ಆಮೇಲೆ ತೀರ್ಮಾನವಾಯಿತು. ಒಂದು ಪದದ ಮೇಲೆ ಒಬ್ಬ ವೀರ ಮೋಸಗಾರನಾಗಿಬಿಟ್ಟಿದ್ದ ನೋಡಿ!

ಇಲ್ಲಿ ಎದುರು ಪಕ್ಷದ ದಾಖಲೆಯನ್ನೂ ನೋಡಬೇಕು. ಲೈಡನ್ ತಾಮ್ರಪಟಗಳೆಂದು ಹೆಸರಾದ ಚೋಳರ ಶಾಸನವೂ ರಾಜಾದಿತ್ಯ ಆನೆಯ ಮೇಲೆಯೇ ಸತ್ತನೆನ್ನುತ್ತದೆ. ಆದರೆ ಕೊಂದದ್ದು ಕೃಷ್ಣರಾಜನ ಬಾಣ ಎನ್ನುತ್ತದೆ. ಆನೆಯ ವಿಷಯದಲ್ಲಿ ಎರಡೂ ಕಡೆಯವರದು ಒಂದೇ ಮಾತು, ಕೊಂದವನ ವಿಷಯದಲ್ಲಿ ಬೇರೆ. ಹೆಮ್ಮೆಯ ಸಾಲನ್ನು ಮಾತ್ರ ಫಾರ್ವರ್ಡ್ ಮಾಡುವವರಿಗೆ ಈ ಸೂಕ್ಷ್ಮ ಎಂದೂ ಸಿಗುವುದಿಲ್ಲ. ಬೇರೆಯವರು ಬರೆದ ಕೋಡ್ ತಿದ್ದುವಾಗ ನಾವು ಒಂದೇ ಸಾಲು ನೋಡಿ ತೀರ್ಪು ಕೊಡುತ್ತೇವೆಯೇ?

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಊರೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತ ಬಂದಿದೆ. ಬಹಳ ಒಳ್ಳೆಯ ಕೆಲಸ. ಕಲ್ಲು ಸವೆದರೂ ಅಕ್ಷರ ಉಳಿಯುತ್ತದೆ. ಆದರೆ ಉಳಿದ ಅಕ್ಷರ ನಮ್ಮ ಮಕ್ಕಳಿಗೆ ಅರ್ಥವಾಗಬೇಕಲ್ಲ?

ಆತಕೂರಿನ ಶಾಸನದ ಮೂಲಪಾಠ, ಪಕ್ಕದಲ್ಲಿ ಇಂದಿನ ಕನ್ನಡ, ಕಷ್ಟದ ಪದಗಳಿಗೆ ಅರ್ಥ, ಇಷ್ಟನ್ನು ಎರಡು ಪುಟಕ್ಕೆ ಇಳಿಸಿ, ರಜೆಗೆ ಹೊರಡುವ ಪ್ರತಿ ಮನೆಯವರ ಕೈಗೆ ಕೊಡುವ ಆಸೆ ನನ್ನದು. ಪುಟ ಜೋಡಿಸುವುದು, ಫಾಂಟ್, ಮುದ್ರಣ ನಾನು ನೋಡಿಕೊಳ್ಳುತ್ತೇನೆ. ಹಳಗನ್ನಡ ಓದಬಲ್ಲವರು ಬೇಕು. ನಿಮ್ಮಲ್ಲಿ ಯಾರಾದರೂ ಕನ್ನಡ ಎಂ.ಎ. ಮಾಡಿದವರಿದ್ದರೆ ಊಟದ ಹೊತ್ತಿಗೆ ದಯವಿಟ್ಟು ನನ್ನನ್ನು ಕಾಣಿ.