ಅಮ್ಮನಿಗೆ ಕಾಯಿದೆ ಓದಿದ್ದು
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಗಿರಣಿಯ ಗುಮಾಸ್ತ, ಓದಿದ್ದು ಮೆಟ್ರಿಕ್‌ವರೆಗೆ. ಮನೆಯ ಮಾತನ್ನೇ ಹೇಳುತ್ತೇನೆ.

ಹೋದ ವರ್ಷ ನನ್ನ ತಾಯಿ ಊರಿನಿಂದ ಗ್ರೇಟರ್ ನೋಯ್ಡಾಕ್ಕೆ ಬಂದರು. ಇಲ್ಲಿಯ ಗಡಸು ನೀರನ್ನು ಶುದ್ಧಿಮಾಡುವ ನಮ್ಮ ಆರ್.ಓ. ಯಂತ್ರ, ಕುಡಿಯಲು ಕೊಡುವುದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಡುತ್ತದೆ. ಅಮ್ಮ ಕಸವನ್ನೆಲ್ಲ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದರು. ಹಸಿ ಕಸ, ಒಣ ಕಸ ಬೇರೆ ಇಡಬೇಕೆಂದು ಸರಕಾರ 2016ರಲ್ಲೇ ನಿಯಮ ಮಾಡಿದೆಯೆಂದು ನಾನು ಉಪದೇಶಿಸಿದೆ. “ಹೆತ್ತವಳಿಗೇ ಕಾಯಿದೆ ಓದುತ್ತೀಯೇನೋ?” ಎಂದವರು ಎರಡು ದಿನ ಮಾತಾಡಲಿಲ್ಲ.

ಮೂರನೆಯ ದಿನ ಕೇಳಿದೆ: “ಅಮ್ಮಾ, ಊರಲ್ಲಿ ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತಿತ್ತು?”

“ಬಾಳೆಯ ಬುಡಕ್ಕೆ. ಸಿಪ್ಪೆಯೆಲ್ಲ ತಿಪ್ಪೆಗೆ.”

“ಇಲ್ಲಿ?”

ಅಮ್ಮ ಸುಮ್ಮನಾದರು. ಮರುದಿನ ಯಂತ್ರದ ಕೊಳವೆಯ ಕೆಳಗೆ ಬಕೆಟ್ ಬಂದಿತ್ತು! ಆ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ಗಿಡಕ್ಕೆ ಹಾಕದೆ ನೆಲ ಒರೆಸುತ್ತೇವೆ. ಸಿಪ್ಪೆ ಕುಂಡದಲ್ಲಿ ಗೊಬ್ಬರವಾಗುತ್ತಿದೆ.

ಆದರೆ ಅಮ್ಮ ನನ್ನನ್ನೂ ಬಿಡಲಿಲ್ಲ. “ಚಳಿಗಾಲದ ಹೊಗೆಗೆ ಮಗು ಕೆಮ್ಮುತ್ತದೆ. ತರಕಾರಿ ತರಲು ನಿನಗೆ ಸ್ಕೂಟರ್ ಏಕೆ?” ಎಂದರು. ಉತ್ತರವಿರಲಿಲ್ಲ. ಈಗ ಹಳೆಯ ಸೀರೆಯ ಚೀಲ ಹಿಡಿದು ನಡೆದೇ ಹೋಗುತ್ತೇನೆ.

ಮಹನೀಯರೇ, ಹಿರಿಯರಿಗೆ ನಾವು ಹೊಸದಾಗಿ ಕಲಿಸಬೇಕಾದುದು ಸ್ವಲ್ಪ. ಅವರು ಬಲ್ಲುದನ್ನು ಕೇಳಬೇಕಾದುದು ಬಹಳ. ಹೇಳುವವನು ಮೊದಲು ತಾನು ಮಾಡಲಿ.