ಬಿಗಿದುಕೊಂಡ ನಟ್ಟು

ಪಟ್ಟಣದಲ್ಲಿ ಕುಳಿತು ರೇಡಿಯೋ ಕೇಳುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ನಾಲ್ಕು ಎಕರೆ ಹೊಲವಿದೆ. ಅದನ್ನು ನೋಡಿಕೊಳ್ಳುವ ಅಣ್ಣನೋ ತಮ್ಮನೋ ಇದ್ದಾನೆ. ಅವನ ಬಳಿ ಒಂದು ಟ್ರಾಕ್ಟರೂ ಇದೆ. ಮುಂಗಾರಿನ ಕಾಲಕ್ಕೆ ಸರಿಯಾಗಿ ಆ ಟ್ರಾಕ್ಟರು ಕೈಕೊಡುವುದುಂಟು. ಗೊಬ್ಬರದ ಟ್ರೇಲರನ್ನು ಎತ್ತುವ ಎಣ್ಣೆಯ ಕೊಳವೆ ಸೋರತೊಡಗುತ್ತದೆ. ಬದಲಿಸೋಣವೆಂದರೆ ನಟ್ಟು ತುಕ್ಕು ಹಿಡಿದು ಅಲುಗುವುದೇ ಇಲ್ಲ. ಹೊಲದ ಹದ ಹೋಗುತ್ತದೆಂಬ ಆತುರದಲ್ಲಿ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ತೂರಿಸಿ ಜಗ್ಗುವವರೇ ಹೆಚ್ಚು. ಈ ಆತುರದ ವಿಷಯವಾಗಿಯೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ತೋರಿಸಿಕೊಟ್ಟ. ಅದೇ ತತ್ತ್ವದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟು ಪಡೆದ. ಇಂದಿನ ಟ್ರಾಕ್ಟರಿನ ಎಣ್ಣೆಯ ಕೊಳವೆಯಲ್ಲಿ ಆ ಒತ್ತಡ ವಾತಾವರಣದ ಒತ್ತಡದ ನೂರೈವತ್ತು, ಇನ್ನೂರು ಪಟ್ಟಿಗೆ ಏರುತ್ತದೆ. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿ ಎರಡು ಪಟ್ಟಿನ ಆಸುಪಾಸು ಮಾತ್ರ.

ಆದ್ದರಿಂದ ಮೊದಲ ಕೆಲಸ ನಟ್ಟು ಬಿಚ್ಚುವುದಲ್ಲ, ಒತ್ತಡ ಇಳಿಸುವುದು. ಟ್ರೇಲರನ್ನು ಪೂರ್ತಿ ಕೆಳಗಿಳಿಸಿ ಎಂಜಿನು ನಿಲ್ಲಿಸಬೇಕು. ಬಳಿಕ ಹೈಡ್ರಾಲಿಕ್ಕಿನ ಹಿಡಿಯನ್ನು ಎರಡು ಮೂರು ಸಲ ಅತ್ತಿತ್ತ ಆಡಿಸಿ, ಎಣ್ಣೆ ಆರುವವರೆಗೆ ಕಾಯಬೇಕು. ಎತ್ತಿ ನಿಂತ ಟ್ರೇಲರಿನ ಕೆಳಗೆ ತಲೆ ಹಾಕಿ ನಟ್ಟು ಸಡಿಲಿಸುವುದು ಪ್ರಾಣಕ್ಕೇ ಅಪಾಯ. ಎಣ್ಣೆ ಹೊರಬಿದ್ದೊಡನೆ ಅದು ಕುಸಿಯುತ್ತದೆ.

ಇನ್ನು ನಟ್ಟಿನ ಸುತ್ತಲ ಮಣ್ಣನ್ನು ಉಜ್ಜಿ ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆಯನ್ನು ಮರೆಗೆ ಹಾಕಿ, ಸಾಧ್ಯವಿದ್ದರೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನಟ್ಟಿನ ಮೈಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿರಿ. ಸ್ಪ್ಯಾನರು ಒಂದಲ್ಲ, ಎರಡು ಬೇಕು: ಒಂದು ಎದುರಿನ ಭಾಗವನ್ನು ಅಲುಗದಂತೆ ಹಿಡಿಯಲು, ಇನ್ನೊಂದು ನಟ್ಟನ್ನು ತಿರುಗಿಸಲು. ಒಂದರಲ್ಲೇ ಜಗ್ಗಿದರೆ ನಟ್ಟಿನ ಬದಲು ಕೊಳವೆಯೇ ತಿರುಚಿಕೊಳ್ಳುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಆಮೇಲೆ ಸಡಿಲಿಸಿದರೆ ತುಕ್ಕಿನ ಹಿಡಿತ ಬಿಡುವುದುಂಟು. ಬೆಂಕಿಯಿಂದ ಕಾಯಿಸುವ ಗೋಜಿಗೆ ಹೋಗಬೇಡಿ. ಒಳಗಿನ ರಬ್ಬರು ಸುಡುತ್ತದೆ; ಎಣ್ಣೆ ತುಂತುರಾಗಿ ಚಿಮ್ಮಿದರೆ ಹೊತ್ತಿಕೊಳ್ಳುತ್ತದೆ. ನಟ್ಟು ಬಂದ ಮೇಲೆ ಕೊಳವೆಯ ಬಾಯಿಗಳನ್ನು ಶುದ್ಧವಾದ ಮುಚ್ಚಳದಿಂದ ಮುಚ್ಚಿಡಿ. ಒಂದು ಚಿಟಿಕೆ ಮರಳು ಒಳಗೆ ಹೋದರೂ ಪಂಪು ಸವೆಯುತ್ತದೆ.

ಕೊನೆಯದಾಗಿ, ಪಟ್ಟಣದವರಾದ ನಮಗೆ ಸೇರಿದ ಮಾತು. ಸೋರಿಕೆ ಎಲ್ಲಿದೆಯೆಂದು ಕೈಯಾಡಿಸಿ ನೋಡುವ ಅಭ್ಯಾಸ ಹಲವರಿಗಿದೆ. ನೋಡಬೇಕಾದರೆ ಒಂದು ರಟ್ಟಿನ ತುಂಡು ಹಿಡಿಯಬೇಕೇ ಹೊರತು ಕೈಯನ್ನಲ್ಲ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಮಾಂಸದೊಳಗೆ ಇಳಿಯಬಲ್ಲದು. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು. ಮೊದಮೊದಲು ನೋವೂ ಅಷ್ಟಿರದು. "ಏನೂ ಆಗಿಲ್ಲ ಬಿಡು" ಎಂದು ಅರಿಸಿನ ಹಚ್ಚಿಕೊಂಡು ಮಲಗಿದವನ ಕೈ ಬೆಳಗಾಗುವುದರೊಳಗೆ ಊದಿಕೊಂಡಿರುತ್ತದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು.

ಊರಿನಿಂದ ತಮ್ಮ ಫೋನು ಮಾಡಿ, ಟ್ರಾಕ್ಟರಿನ ಎಣ್ಣೆ ಬೆರಳಿಗೆ ಚುಚ್ಚಿತೆಂದು ನಗುತ್ತಾ ಹೇಳಿದರೆ ನೀವು ನಗಬೇಡಿ. ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಆಗಲೇ ಕರೆತರಲು ಹೇಳಿ. ಒತ್ತಡದ ಎಣ್ಣೆ ಒಳಹೊಕ್ಕಿದೆಯೆಂದು ವೈದ್ಯರಿಗೆ ಬಿಡಿಸಿ ತಿಳಿಸಿ. ಹೊಲದ ಹದ ಇನ್ನೊಂದು ಮಳೆಗೆ ಬಂದೀತು. ಹೋದ ಕೈ ಬಾರದು.